ಕಡಲ ತಳದ ಕೆಸರನ್ನು ಓದಿದವನು: ಸರ್ ಜಾನ್ ಮರ್ರೇ

ಮುಂಬಯಿಯಲ್ಲಿ ಬೆಳೆಯುತ್ತಿರುವ ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ಸಮುದ್ರವು ಹೊಸದಲ್ಲ. ಚೌಪಾಟಿಯ ಮರಳಿನಲ್ಲಿ ಆಡದವರಾಗಲಿ, ಮಳೆಗಾಲದ ತೆರೆಗಳು ಗೋಡೆಗೆ ಅಪ್ಪಳಿಸಿ ದಾರಿಹೋಕರನ್ನು ತೋಯಿಸುವುದನ್ನು ನೋಡದವರಾಗಲಿ ನಮ್ಮಲ್ಲಿ ವಿರಳ. ಆದರೆ ನಾವು ಕಾಣುವುದು ಸಮುದ್ರದ ಮುಖವನ್ನು ಮಾತ್ರ. ಅದರ ಹೊಟ್ಟೆಯಲ್ಲಿ ಏನಿದೆ, ತಳವು ಎಷ್ಟು ಆಳದಲ್ಲಿದೆ, ಅಲ್ಲಿ ಮರಳಿದೆಯೋ ಕಲ್ಲಿದೆಯೋ, ಅಲ್ಲಿಯ ನೀರು ಬೆಚ್ಚಗಿದೆಯೋ ತಣ್ಣಗಿದೆಯೋ, ಇವಾವುವೂ ಇಂದಿಗೆ ನೂರೈವತ್ತು ವರ್ಷಗಳ ಹಿಂದೆ ಮಹಾ ಮಹಾ ಪಂಡಿತರಿಗೂ ತಿಳಿದಿರಲಿಲ್ಲ. ಮುನ್ನೂರು ಮಾರು ಆಳಕ್ಕಿಂತ ಕೆಳಗೆ ಜೀವವೇ ಇರಲಾರದೆಂದು ಎಡ್ವರ್ಡ್ ಫೋರ್ಬ್ಸ್ ಎಂಬ ಪ್ರಸಿದ್ಧ ವಿಜ್ಞಾನಿ ಹೇಳಿದ್ದನು. ಅನೇಕರು ಅದನ್ನು ನಂಬಿಯೂ ಇದ್ದರು. ಮಾರು ಎಂದರೆ ಎರಡು ಕೈಗಳನ್ನು ಚಾಚಿದಾಗ ಆಗುವ ಉದ್ದ, ಸುಮಾರು ಆರು ಅಡಿ. ಮೀನುಗಾರರೂ ನಾವಿಕರೂ ನೀರಿನ ಆಳವನ್ನು ಈ ಲೆಕ್ಕದಲ್ಲಿಯೇ ಹೇಳುವುದುಂಟು.

ಈ ಅಜ್ಞಾನದ ಕತ್ತಲೆಯನ್ನು ಒಬ್ಬನೇ ಒಬ್ಬ ಮಹಾಪುರುಷನು ಓಡಿಸಿದನೆಂದು ಹೇಳಿದರೆ ಅದು ಸುಳ್ಳಾದೀತು. ಅದು ಹಲವು ಶಾಸ್ತ್ರಗಳನ್ನು ಬಲ್ಲ ಹಲವರು ಒಂದೇ ಹಡಗಿನಲ್ಲಿ ಕೂಡಿ, ಕೆಲವೊಮ್ಮೆ ಜಗಳವಾಡಿ, ಮಾಡಿದ ಕೆಲಸ. ಆ ಗುಂಪಿನಲ್ಲಿ ಎಲ್ಲರಿಗಿಂತ ಕೊನೆಯದಾಗಿ ಸೇರಿ, ಎಲ್ಲರಿಗಿಂತ ಹೆಚ್ಚು ಕಾಲ ಆ ಕೆಲಸವನ್ನು ಹೊತ್ತವನೇ ಜಾನ್ ಮರ್ರೇ.

ಮರ್ರೇ 1841ನೆಯ ಇಸವಿ ಮಾರ್ಚ್ 3ರಂದು ಕೆನಡಾ ದೇಶದ ಕೋಬರ್ಗ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆತಾಯಿಗಳು ಸ್ಕಾಟ್ಲೆಂಡಿನಿಂದ ಹೋಗಿ ಅಲ್ಲಿ ನೆಲೆಸಿದವರು. ಹುಡುಗನು ಹದಿಹರೆಯದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಸ್ಕಾಟ್ಲೆಂಡಿನಲ್ಲಿದ್ದ ತಾಯಿಯ ತಂದೆಯ ಮನೆಗೆ ಬಂದು, ಸ್ಟರ್ಲಿಂಗ್ ಎಂಬ ಊರಿನ ಶಾಲೆಯಲ್ಲಿ ಓದಿದನು. 1864ರಲ್ಲಿ ವೈದ್ಯವಿದ್ಯೆಯನ್ನು ಕಲಿಯಲೆಂದು ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದನು. ಇಲ್ಲಿಂದ ಮುಂದಿನದನ್ನು ವಿದ್ಯಾರ್ಥಿಗಳಿಗೆ ಹೇಳುವುದು ಸ್ವಲ್ಪ ಸಂಕೋಚದ ವಿಷಯ. ಏಕೆಂದರೆ ಆತನು ಪರೀಕ್ಷೆಗೆ ಕೂಡಲೇ ಇಲ್ಲ, ಪದವಿಯನ್ನೂ ಪಡೆಯಲಿಲ್ಲ. ಇದನ್ನು ನಮ್ಮ ಹುಡುಗರು ಮೇಲ್ಪಂಕ್ತಿಯಾಗಿ ಹಿಡಿಯಬಾರದು! ಆತನು ಸೋಮಾರಿಯಾಗಿರಲಿಲ್ಲ. ತನಗೆ ರುಚಿಸಿದ ಎಲ್ಲ ಅಧ್ಯಾಪಕರ ಪಾಠಗಳಿಗೂ ಹೋಗಿ ಕುಳಿತುಕೊಳ್ಳುತ್ತಿದ್ದನು. ಇಂದು ಅಂಗರಚನಾಶಾಸ್ತ್ರವಾದರೆ ನಾಳೆ ರಸಾಯನಶಾಸ್ತ್ರ, ಮರುದಿನ ಭೌತಶಾಸ್ತ್ರ. ಯಾವ ಒಂದು ಶಾಸ್ತ್ರಕ್ಕೂ ಸಂಪೂರ್ಣ ಸೇರದ ಈ ಅಲೆಮಾರಿ ಓದು ಮುಂದೆ ಹಡಗಿನ ಮೇಲೆ ಆತನಿಗೆ ಬಂದಷ್ಟು ಉಪಯೋಗಕ್ಕೆ ಪದವಿ ಬರುತ್ತಿತ್ತೇ ಎಂಬುದು ಸಂದೇಹ.

1868ರಲ್ಲಿ ಆತನು ತಿಮಿಂಗಿಲಗಳ ಬೇಟೆಗೆ ಹೋಗುವ ಒಂದು ಹಡಗಿನಲ್ಲಿ ವೈದ್ಯನಾಗಿ ಏಳು ತಿಂಗಳು ಉತ್ತರಧ್ರುವದ ಕಡೆಯ ಹಿಮಸಾಗರದಲ್ಲಿ ಸಂಚರಿಸಿದನು. ಪದವಿಯಿಲ್ಲದವನು ವೈದ್ಯನಾದುದು ಹೇಗೆಂದು ಕೇಳಬಹುದು. ಅಂಥ ಹಡಗುಗಳಿಗೆ ಅರ್ಧ ಓದಿದ ವಿದ್ಯಾರ್ಥಿಗಳೇ ಹೋಗುತ್ತಿದ್ದ ಕಾಲವದು. ಹಿಂದಿರುಗಿ ಬಂದ ಬಳಿಕ ಪ್ರೊಫೆಸರ್ ಟೇಟ್ ಎಂಬ ಭೌತವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಕೆಲಸಮಾಡತೊಡಗಿದನು.

ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಒಂದು ದೊಡ್ಡ ಸಿದ್ಧತೆ ನಡೆದಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರೊಫೆಸರ್ ವೈವಿಲ್ ಥಾಮ್ಸನ್ 1868ರಿಂದ ಎರಡು ಮೂರು ಸಣ್ಣ ಯಾತ್ರೆಗಳನ್ನು ಮಾಡಿ, ಫೋರ್ಬ್ಸನು ಹೇಳಿದ ಎಲ್ಲೆಗಿಂತ ಬಹಳ ಕೆಳಗೂ ಜೀವಿಗಳಿರುವುದನ್ನು ತೋರಿಸಿದ್ದನು. ಈಗ ಜಗತ್ತಿನ ಎಲ್ಲ ಮಹಾಸಾಗರಗಳನ್ನೂ ಶೋಧಿಸಲು ಸರಕಾರವು ಒಂದು ಯುದ್ಧನೌಕೆಯನ್ನೇ ಕೊಡಲು ಒಪ್ಪಿತು. ಅದರ ಹೆಸರು ‘ಚಾಲೆಂಜರ್’. ಹಾಯಿಯೂ ಉಗಿಯಂತ್ರವೂ ಇದ್ದ 2,306 ಟನ್ನಿನ ಹಡಗು. ಅದರ ಹದಿನೆಂಟು ಫಿರಂಗಿಗಳಲ್ಲಿ ಎರಡನ್ನುಳಿದು ಮಿಕ್ಕವುಗಳನ್ನು ಕಿತ್ತು ತೆಗೆದು, ಆ ಜಾಗದಲ್ಲಿ ಜೀವಶಾಸ್ತ್ರಜ್ಞರಿಗೆ ಒಂದು ಕೋಣೆ, ರಸಾಯನಶಾಸ್ತ್ರಜ್ಞನಿಗೆ ಒಂದು ಪ್ರಯೋಗಶಾಲೆ, ಛಾಯಾಚಿತ್ರಗಳಿಗೆ ಒಂದು ಕತ್ತಲೆಯ ಕೋಣೆ ಇವುಗಳನ್ನು ಕಟ್ಟಿದರು. ಯಂತ್ರೋಪಕರಣಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ಮರ್ರೇಯೂ ಕೈಜೋಡಿಸಿದ್ದನು. ಆದರೆ ಹೊರಡುವವರ ಪಟ್ಟಿಯಲ್ಲಿ ಆತನ ಹೆಸರಿರಲಿಲ್ಲ. ಆಯ್ಕೆಯಾದವರಲ್ಲೊಬ್ಬನು ಯಾತ್ರೆಗೆ ಮುಂಚೆಯೇ ಹಿಂದೆಗೆದುದರಿಂದ ಒಂದು ಸ್ಥಳ ತೆರವಾಯಿತು. ಟೇಟನು ತನ್ನ ಶಿಷ್ಯನ ಹೆಸರನ್ನು ಸೂಚಿಸಿದನು. ಹೀಗೆ ಮೂವತ್ತೊಂದು ವರ್ಷದ, ಪದವಿಯಿಲ್ಲದ ಮರ್ರೇ ಆ ಹಡಗನ್ನು ಹತ್ತಿದನು. 1872ರ ಡಿಸೆಂಬರ್ 21ರಂದು ‘ಚಾಲೆಂಜರ್’ ಪೋರ್ಟ್ಸ್‌ಮತ್ ಬಂದರನ್ನು ಬಿಟ್ಟಿತು.

ಹಡಗಿನಲ್ಲಿದ್ದ ವಿದ್ವಾಂಸರು ಆರೇ ಮಂದಿ. ಥಾಮ್ಸನ್ ಮುಖ್ಯಸ್ಥನು. ಬುಕಾನನ್ ರಸಾಯನಶಾಸ್ತ್ರಜ್ಞನು. ಮೋಸ್ಲಿ, ಮರ್ರೇ, ಜರ್ಮನಿಯ ಯುವಕ ವಿಲೆಮೋಸ್-ಸೂಮ್, ಈ ಮೂವರೂ ಜೀವಶಾಸ್ತ್ರಜ್ಞರು. ಸ್ವಿಟ್ಸರ್ಲೆಂಡಿನ ವೈಲ್ಡ್ ಚಿತ್ರಕಾರನೂ ಕಾರ್ಯದರ್ಶಿಯೂ ಆಗಿದ್ದನು. ಇವರ ಸುತ್ತ ಕ್ಯಾಪ್ಟನ್ ನೇರ್ಸ್ ಮತ್ತು ಆತನ ಅಧಿಕಾರಿಗಳು, ಇನ್ನೂರಕ್ಕೂ ಹೆಚ್ಚು ನಾವಿಕರು. ಈ ಎರಡು ಪಂಗಡಗಳ ಹೊಂದಾಣಿಕೆಯ ಮೇಲೆ ಎಲ್ಲವೂ ನಿಂತಿತ್ತು. ಹಡಗು ನೌಕಾಪಡೆಯದು. ಅದನ್ನು ನಿಲ್ಲಿಸುವ, ತಿರುಗಿಸುವ ಅಧಿಕಾರ ಕ್ಯಾಪ್ಟನ್ನನದು. ಎಲ್ಲಿ ನಿಲ್ಲಿಸಬೇಕೆಂಬ ಆಸೆ ಪ್ರೊಫೆಸರನದು. ನೌಕಾಧಿಕಾರಿಗಳು ತಾವೂ ಸುಮ್ಮನೆ ಕೂರಲಿಲ್ಲ. ಟಿಜಾರ್ಡ್ ಎಂಬ ಅಧಿಕಾರಿ ನೀರಿನ ಉಷ್ಣತೆಯ ಲೆಕ್ಕಗಳನ್ನೂ, ಮೆಕ್ಲಿಯರ್ ಎಂಬಾತನು ಭೂಮಿಯ ಕಾಂತಶಕ್ತಿಯ ಅಳತೆಗಳನ್ನೂ ನೋಡಿಕೊಂಡರು.

ಹಡಗು ನಿಂತು ಶೋಧನೆ ಮಾಡಿದ ಸ್ಥಳಗಳು ಒಟ್ಟು 362. ಒಂದೊಂದು ಸ್ಥಳದಲ್ಲಿಯೂ ನಡೆಯುತ್ತಿದ್ದ ಕೆಲಸವನ್ನು ಕೇಳಿದರೆ ಯಾತ್ರೆಯ ರೀತಿಯೇ ನಮಗೆ ತಿಳಿಯುತ್ತದೆ. ಬೆಳಗಾಗುತ್ತಲೇ ಹಾಯಿಗಳನ್ನು ಸುತ್ತಿ, ಗಾಳಿಗೆ ಹಡಗು ತೇಲಿಹೋಗದಂತೆ ಉಗಿಯಂತ್ರದಿಂದ ಅದನ್ನು ಒಂದೆಡೆ ಹಿಡಿದು ನಿಲ್ಲಿಸುತ್ತಿದ್ದರು. ಬಳಿಕ ಸೆಣಬಿನ ಹಗ್ಗದ ತುದಿಗೆ ಭಾರವಾದ ಕಬ್ಬಿಣದ ಗುಂಡುಗಳನ್ನು ಕಟ್ಟಿ ನೀರಿಗೆ ಬಿಡುತ್ತಿದ್ದರು. ಹಗ್ಗಕ್ಕೆ ಇಪ್ಪತ್ತೈದು ಮಾರಿಗೊಂದರಂತೆ ಗುರುತು. ಒಬ್ಬನು ಗಡಿಯಾರವನ್ನು ಹಿಡಿದು ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತಾಯಿತೆಂದು ಬರೆಯುತ್ತಿದ್ದನು. ಗುಂಡು ತಳವನ್ನು ಮುಟ್ಟಿದೊಡನೆ ಹಗ್ಗದ ಓಟವು ತಟ್ಟನೆ ನಿಧಾನವಾಗುವುದು. ಆಳ ಎಷ್ಟೆಂದು ತಿಳಿಯುವುದು ಹಾಗೆ. ಗುಂಡುಗಳು ಅಲ್ಲಿಯೇ ಕಳಚಿ ಬೀಳುತ್ತಿದ್ದವು. ಅವುಗಳ ನಡುವಿನ ಕೊಳವೆಯು ಒಂದು ಹಿಡಿ ಕೆಸರನ್ನು ತುಂಬಿಕೊಂಡು ಮೇಲೆ ಬರುತ್ತಿತ್ತು. ಅದೇ ಹಗ್ಗದಲ್ಲಿ ಉಷ್ಣಮಾಪಕಗಳನ್ನೂ ನೀರು ತರುವ ಪಾತ್ರೆಯನ್ನೂ ಕಟ್ಟುತ್ತಿದ್ದರು. ಅನಂತರ ತಳವನ್ನು ಬಾಚುವ ಬಲೆಚೀಲದ ಸರದಿ. ಆಳ ಹೆಚ್ಚಾಗಿರುವಲ್ಲಿ ಅದನ್ನು ಇಳಿಸಿ, ಎಳೆದು, ಮತ್ತೆ ಮೇಲೆತ್ತುವಷ್ಟರಲ್ಲಿ ಇಡೀ ದಿನವೇ ಮುಗಿಯುತ್ತಿತ್ತು.

ಒಂದು ಹಗ್ಗ ಮೇಲೆ ಬಂದರೆ ಅದಕ್ಕಾಗಿ ಕಾದವರು ಐದಾರು ಮಂದಿ. ನೀರು ಬುಕಾನನನಿಗೆ, ಉಷ್ಣತೆಯ ಅಂಕಿ ಟಿಜಾರ್ಡನಿಗೆ, ಏಡಿ ಮತ್ತು ಹುಳುಗಳು ವಿಲೆಮೋಸ್-ಸೂಮನಿಗೆ, ಬಣ್ಣ ಮಾಸುವ ಮುನ್ನ ಬರೆದಿಡಬೇಕಾದ ಜೀವಿಗಳು ವೈಲ್ಡನ ಕುಂಚಕ್ಕೆ. ಕೊನೆಗೆ ಉಳಿಯುತ್ತಿದ್ದುದು ಯಾರಿಗೂ ಬೇಡವಾದ ಕೆಸರು. ಆ ಕೆಸರು ಮರ್ರೇಯ ಪಾಲಿಗೆ ಬಂದಿತು.

ನಾವಿಕರ ಪಾಡನ್ನೂ ಇಲ್ಲಿ ಹೇಳಬೇಕು. ಮೊದಮೊದಲು ಬಲೆ ಮೇಲೆ ಬಂದಾಗ ಅವರೂ ಕುತೂಹಲದಿಂದ ನೆರೆಯುತ್ತಿದ್ದರು. ನೂರಾರು ಸಲ ಅದೇ ಆದಾಗ, ಕೆಸರನ್ನು ಕಂಡರೇ ಅವರಿಗೆ ಬೇಸರ. ತಳ ಬಾಚುವುದಕ್ಕೆ ಇಂಗ್ಲಿಷಿನಲ್ಲಿರುವ ‘ಡ್ರೆಜಿಂಗ್’ ಎಂಬ ಮಾತನ್ನು ತಿರುಚಿ, ಜೀತದ ದುಡಿತ ಎಂಬ ಅರ್ಥ ಬರುವಂತೆ ‘ಡ್ರಜಿಂಗ್’ ಎನ್ನುತ್ತಿದ್ದರಂತೆ. ಬೇಸರವಷ್ಟೇ ಅಲ್ಲ, ಪ್ರಾಣಾಪಾಯವೂ ಇತ್ತು. ಯಾತ್ರೆಯ ಆರಂಭದ ತಿಂಗಳುಗಳಲ್ಲಿಯೇ, ಬಲೆಯ ಹಗ್ಗದ ಬಿಗಿತಕ್ಕೆ ಕಿತ್ತುಬಂದ ರಾಟೆಯೊಂದು ಬಡಿದು ಒಬ್ಬ ಕಿರಿಯ ನಾವಿಕನು ಸತ್ತನು. ಯಾತ್ರೆ ಮುಗಿಯುವ ಹೊತ್ತಿಗೆ ಸಾವು, ಕಾಯಿಲೆ, ಬಂದರುಗಳಲ್ಲಿ ಓಡಿಹೋದವರು ಇವೆಲ್ಲ ಕಾರಣಗಳಿಂದ ಹಡಗಿನಲ್ಲಿ ಉಳಿದವರು 144 ಮಂದಿ. ವಿಜ್ಞಾನದ ಇತಿಹಾಸದಲ್ಲಿ ಹಗ್ಗವನ್ನು ಎಳೆದವರ ಹೆಸರುಗಳು ದೊರೆಯುವುದು ಅಪರೂಪ.

ಈಗ ಆ ಯಾತ್ರೆಯ ಅತಿ ಸ್ವಾರಸ್ಯದ ಪ್ರಸಂಗವೊಂದನ್ನು ಕೇಳಿರಿ. ಟಿ. ಎಚ್. ಹಕ್ಸ್‌ಲಿ ಆಗಿನ ಕಾಲದ ಅತಿ ಪ್ರಸಿದ್ಧ ಜೀವವಿಜ್ಞಾನಿ. ಬಹಳ ವರ್ಷಗಳ ಹಿಂದೆ ಸಮುದ್ರತಳದಿಂದ ತೆಗೆದು ಮದ್ಯಸಾರದಲ್ಲಿ ಇಟ್ಟಿದ್ದ ಕೆಸರನ್ನು ಆತನು 1868ರಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಲೋಳೆಯಂಥ ಪದಾರ್ಥವೊಂದು ಕಂಡಿತು. ಇದೇ ಎಲ್ಲ ಜೀವಿಗಳ ಮೂಲವಾದ ಸರಳ ಜೀವವಸ್ತು, ಇದು ಸಾಗರತಳವನ್ನೆಲ್ಲ ಹಾಸಿಕೊಂಡಿದೆ ಎಂದು ಎಣಿಸಿ ಅದಕ್ಕೆ ‘ಬ್ಯಾತಿಬಿಯಸ್’ ಎಂದು ಹೆಸರಿಟ್ಟನು. ಜರ್ಮನಿಯ ಹೆಕೆಲ್ ಇದನ್ನು ಎತ್ತಿಹಿಡಿದನು. ಜೀವವು ನಿರ್ಜೀವ ವಸ್ತುವಿನಿಂದ ಹೇಗೆ ಹುಟ್ಟಿತೆಂಬ ಮಹಾಪ್ರಶ್ನೆಗೆ ಉತ್ತರವೇ ಸಿಕ್ಕಿತೆಂದು ಹಲವರು ಹಿಗ್ಗಿದರು. ‘ಚಾಲೆಂಜರ್’ ಹಡಗಿನವರು ಇದನ್ನು ಕಂಡೇ ಕಾಣುವೆವೆಂಬ ಆಸೆಯಿಂದ ಹೊರಟಿದ್ದರು.

ಆದರೆ ತಿಂಗಳುಗಳು ಉರುಳಿದರೂ ಹೊಸದಾಗಿ ಮೇಲೆತ್ತಿದ ಕೆಸರಿನಲ್ಲಿ ಬ್ಯಾತಿಬಿಯಸ್ ಕಾಣಿಸಲೇ ಇಲ್ಲ. ಸೂಕ್ಷ್ಮದರ್ಶಕದ ಮುಂದೆ ಜೀವಶಾಸ್ತ್ರಜ್ಞರು ಕುಳಿತದ್ದೇ ಬಂತು. ವಿಚಿತ್ರವೆಂದರೆ ಮದ್ಯಸಾರ ಹಾಕಿ ಇಟ್ಟ ಸೀಸೆಗಳಲ್ಲಿ ಮಾತ್ರ ಆ ಲೋಳೆ ಕಾಣಿಸುತ್ತಿತ್ತು. ಜೀವಶಾಸ್ತ್ರಜ್ಞನೊಬ್ಬನೇ ಇದ್ದಿದ್ದರೆ ಇಲ್ಲಿ ಮುಂದೆ ದಾರಿಯಿರಲಿಲ್ಲ. ಪಕ್ಕದ ಕೋಣೆಯಲ್ಲಿ ಬುಕಾನನನಿದ್ದನು. ಆತನು ಬೇರೆ ರೀತಿಯಲ್ಲಿ ಯೋಚಿಸಿದನು. ಸಾಗರತಳವೆಲ್ಲ ಜೀವವಸ್ತುವಿನಿಂದ ಹಾಸಿದ್ದರೆ, ತಳದ ನೀರನ್ನು ಇಂಗಿಸಿ ಉಳಿದುದನ್ನು ಕಾಸಿದಾಗ ಅದು ಕರಿಕಾಗಬೇಕು. ಅಡಿಗೆ ಸೀದರೆ ಪಾತ್ರೆ ಕಪ್ಪಾಗುವುದಿಲ್ಲವೇ, ಹಾಗೆ. ಇಂಗಿಸಿ ಕಾಸಿ ನೋಡಿದನು, ಕರಿಕಾಗಲಿಲ್ಲ. ಆ ಲೋಳೆಯನ್ನೇ ವಿಶ್ಲೇಷಿಸಿದಾಗ ಗುಟ್ಟು ಹೊರಬಿತ್ತು. ಸಮುದ್ರದ ನೀರಿಗೆ ಮದ್ಯಸಾರವನ್ನು ಹೆಚ್ಚಾಗಿ ಬೆರೆಸಿದರೆ ನೀರಿನಲ್ಲಿ ಕರಗಿರುವ ಜಿಪ್ಸಮ್ಮು ಲೋಳೆಯ ರೂಪದಲ್ಲಿ ಹೊರಬೀಳುತ್ತದೆ. ಜೀವದ ಮೂಲವೆಂದು ಯೂರೋಪೆಲ್ಲ ಕೊಂಡಾಡಿದ್ದು ಸೀಸೆಯೊಳಗೆ ಹುಟ್ಟಿದ ಜಿಪ್ಸಂ ಆಗಿತ್ತು! 1875ರಲ್ಲಿ ಥಾಮ್ಸನ್ ಇದನ್ನು ಹಕ್ಸ್‌ಲಿಗೆ ಬರೆದು ತಿಳಿಸಿದನು. ಹಕ್ಸ್‌ಲಿ ಆ ಸುದ್ದಿಯನ್ನು ತಾನೇ ಪ್ರಕಟಿಸಿ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡನು. ಹೆಸರಾಂತವರಿಗೆ ಇದು ಸುಲಭದ ಕೆಲಸವಲ್ಲ. ಹೆಕೆಲ್ ಅಷ್ಟು ಬೇಗ ಬಿಟ್ಟುಕೊಡಲಿಲ್ಲ.

ಇನ್ನು ಮರ್ರೇಯ ಕೆಸರಿಗೆ ಬರೋಣ. ಸಾಗರತಳದ ಬಹುಭಾಗದಲ್ಲಿ ಸಿಗುವ ಬಿಳಿಯ ಕೆಸರಿನ ತುಂಬ ಸೂಜಿಮೊನೆಯಷ್ಟು ಸಣ್ಣ ಸುಣ್ಣದ ಚಿಪ್ಪುಗಳು. ಗ್ಲೋಬಿಜೆರೈನ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳವು. ಅವು ತಳದಲ್ಲಿಯೇ ಬದುಕಿ ಅಲ್ಲಿಯೇ ಸಾಯುವುವೆಂದು ಥಾಮ್ಸನ್ ದೃಢವಾಗಿ ನಂಬಿ, ತನ್ನ ಗ್ರಂಥದಲ್ಲಿಯೂ ಹಾಗೆಯೇ ಬರೆದಿದ್ದನು. ಮರ್ರೇ ಗುರುವಿನೊಡನೆ ವಾದಕ್ಕೆ ಹೋಗದೆ ತೆಳುಬಟ್ಟೆಯ ಬಲೆಯನ್ನು ಎತ್ತಿಕೊಂಡನು. ಸಮುದ್ರ ಶಾಂತವಾಗಿದ್ದಾಗಲೆಲ್ಲ ಮೇಲಿನ ನೀರಿನಲ್ಲಿಯೂ ಅದಕ್ಕಿಂತ ಕೆಳಗಿನ ಪದರಗಳಲ್ಲಿಯೂ ಬಲೆಯನ್ನು ಎಳೆದು ನೋಡಿದನು. ಎಲ್ಲೆಲ್ಲಿ ಮೇಲಿನ ನೀರಿನಲ್ಲಿ ಆ ಜೀವಿಗಳು ಬದುಕಿದ್ದವೋ ಅಲ್ಲಲ್ಲಿ ತಳದ ಕೆಸರಿನಲ್ಲಿ ಅವುಗಳದೇ ಚಿಪ್ಪುಗಳು. ಅವು ಬದುಕುವುದು ಬೆಳಕಿನಲ್ಲಿ. ಸತ್ತ ಮೇಲೆ ಚಿಪ್ಪುಗಳು ಸಣ್ಣ ಮಳೆಯಂತೆ ಸಾವಿರಾರು ಮಾರು ಕೆಳಕ್ಕೆ ಇಳಿಯುತ್ತವೆ. ಥಾಮ್ಸನ್ ಸಾಕ್ಷ್ಯವನ್ನು ನೋಡಿ ತನ್ನ ಮತವನ್ನು ಬಿಟ್ಟುಕೊಟ್ಟನು.

ಆದರೆ ಇನ್ನೊಂದು ತೊಡಕು ಉಳಿಯಿತು. ಮೇಲೆ ಜೀವಿಗಳು ಬೇಕಾದಷ್ಟಿದ್ದರೂ ಅತಿ ಆಳವಾದ ಕಡೆ ತಳದಲ್ಲಿ ಚಿಪ್ಪುಗಳೇ ಇಲ್ಲ. ಅಲ್ಲಿರುವುದು ಕೆಂಪು ಜೇಡಿ. ಚಿಪ್ಪುಗಳು ಎಲ್ಲಿ ಹೋದವು? ಆಳ ಹೆಚ್ಚಿದಂತೆ ನೀರು ಸುಣ್ಣವನ್ನು ಕರಗಿಸಿಬಿಡುತ್ತದೆಂದು, ಬುಕಾನನನು ನೀರಿನಲ್ಲಿರುವ ಇಂಗಾಲಾಮ್ಲದ ವಿಷಯವಾಗಿ ಮಾಡುತ್ತಿದ್ದ ಪರೀಕ್ಷೆಗಳ ಬೆಂಬಲದಿಂದ ತೀರ್ಮಾನಿಸಿದರು. ಹಾಗಾದರೆ ಆ ಕೆಂಪು ಜೇಡಿ ಏನು? ಕರಗಿದ ಚಿಪ್ಪುಗಳ ಬೂದಿ ಎಂದು ಥಾಮ್ಸನ್. ಅಲ್ಲ, ಜ್ವಾಲಾಮುಖಿಗಳ ಬೂದಿಯೂ ತೇಲುವ ಹಗುರಕಲ್ಲೂ ಕೊಳೆತು ಆದುದು ಎಂದು ಮರ್ರೇ. ಅದರ ಬಹುಭಾಗವು ಗಾಳಿಯು ಭೂಖಂಡಗಳಿಂದ ಹೊತ್ತು ತಂದ ಧೂಳೆಂದೂ ಜ್ವಾಲಾಮುಖಿಗಳ ಪಾಲೂ ಉಂಟೆಂದೂ ಇಂದು ತಿಳಿದಿದೆ. ಶಿಷ್ಯನು ಗುರುವಿಗಿಂತ ನಿಜಕ್ಕೆ ಹತ್ತಿರವಾಗಿದ್ದನು, ಅಷ್ಟೇ.

ಆ ಜೇಡಿಯಲ್ಲಿ ಮರ್ರೇ ಇನ್ನೇನನ್ನು ಕಂಡನು! ಅಯಸ್ಕಾಂತವನ್ನು ಆಡಿಸಿದಾಗ ಅದಕ್ಕೆ ಅಂಟಿ ಬಂದ ಕಬ್ಬಿಣದ ಅತಿ ಸಣ್ಣ ಗೋಲಿಗಳು. ಅವು ಆಕಾಶದಿಂದ ಬಿದ್ದ ಉಲ್ಕೆಗಳ ಕಣಗಳೆಂದು ಗುರುತಿಸಿದನು. ಶಾರ್ಕ್ ಮೀನಿನ ಹಲ್ಲುಗಳು, ತಿಮಿಂಗಿಲದ ಕಿವಿಯ ಎಲುಬುಗಳು. ಮತ್ತೆ ಆಲೂಗಡ್ಡೆಯಂಥ ಕರಿಯ ಗಂಟುಗಳು. ಅವು ಮ್ಯಾಂಗನೀಸ್ ಎಂದು ಬುಕಾನನ್ ಹೇಳಿದನು. ಇವೇ ಗಂಟುಗಳನ್ನು ನಮ್ಮ ದೇಶದ ‘ಗವೇಷಣಿ’ ಎಂಬ ಸಂಶೋಧನಾ ಹಡಗು 1981ರ ಜನವರಿ 26ರಂದು ಮೊದಲ ಬಾರಿಗೆ ಮೇಲೆತ್ತಿತು. ಉಲ್ಕೆಯ ಕಣಗಳು ಅಷ್ಟು ಸುಲಭವಾಗಿ ಸಿಗಬೇಕಾದರೆ ಅಲ್ಲಿ ಬೇರೆ ಮಣ್ಣು ಬೀಳುವುದು ಬಹಳ ನಿಧಾನವಾಗಿರಬೇಕು ಎಂದು ಮರ್ರೇ ತರ್ಕಿಸಿದನು. ಅದು ಸರಿಯೇ. ಕೆಂಪು ಜೇಡಿಯು ಸಾವಿರ ವರ್ಷಗಳಿಗೆ ಕೆಲವೇ ಮಿಲಿಮೀಟರುಗಳಷ್ಟು ಬೆಳೆಯುತ್ತದೆ.

ಹಡಗು ಅಟ್ಲಾಂಟಿಕ್ಕನ್ನು ಅಡ್ಡಡ್ಡ ದಾಟಿ, ಗುಡ್‌ಹೋಪ್ ಭೂಶಿರದಿಂದ ದಕ್ಷಿಣಕ್ಕೆ ಇಳಿದು, 1874ರ ಫೆಬ್ರವರಿ 16ರಂದು ದಕ್ಷಿಣ ಧ್ರುವವೃತ್ತವನ್ನು ದಾಟಿತು. ಉಗಿಯಂತ್ರದ ಹಡಗೊಂದು ಆ ಗೆರೆಯನ್ನು ದಾಟಿದುದು ಅದೇ ಮೊದಲು. ಬಳಿಕ ಆಸ್ಟ್ರೇಲಿಯ, ಹಾಂಗ್‌ಕಾಂಗ್, ಜಪಾನ್. 1875ರ ಮಾರ್ಚ್ 23ರಂದು ಶಾಂತಸಾಗರದಲ್ಲಿ ಮರಿಯಾನ ದ್ವೀಪಗಳ ಬಳಿ ಹಗ್ಗವು 4,475 ಮಾರು ಇಳಿದ ಮೇಲೆಯೇ ತಳವನ್ನು ಮುಟ್ಟಿತು. ಅಲ್ಲಿಯ ನೀರಿನ ಒತ್ತಡಕ್ಕೆ ಉಷ್ಣಮಾಪಕಗಳು ಒಡೆದುಹೋದವು. ಜಗತ್ತಿನ ಅತ್ಯಂತ ಆಳದ ಸ್ಥಳವು ಅದರ ಸಮೀಪದಲ್ಲಿಯೇ ಇದೆ. ಅದಕ್ಕೆ ಇಂದೂ ಆ ಹಡಗಿನ ಹೆಸರೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ತಹೀಟಿಯತ್ತ ಹೋಗುವಾಗ, ವಿಲೆಮೋಸ್-ಸೂಮ್ ಚರ್ಮವ್ಯಾಧಿಯೊಂದು ವಿಷವಾಗಿ ತೀರಿಕೊಂಡನು. ಆತನಿಗೆ ಇಪ್ಪತ್ತೆಂಟು ತುಂಬಿ ಎರಡೇ ದಿನಗಳಾಗಿದ್ದವು. ಆತನ ದೇಹವನ್ನು ಕಡಲಿಗೆ ಒಪ್ಪಿಸಿದರು.

1876ರ ಮೇ 24ರಂದು, 68,890 ನಾವಿಕ ಮೈಲಿಗಳನ್ನು ಕ್ರಮಿಸಿ ಹಡಗು ತಾಯ್ನಾಡಿಗೆ ಮರಳಿತು. ಥಾಮ್ಸನನಿಗೆ ಸರ್ ಪದವಿ ದೊರೆಯಿತು. ಕತೆ ಇಲ್ಲಿಗೆ ಮುಗಿಯಿತೆಂದುಕೊಂಡವರು ಆಗಲೂ ಬಹಳ ಮಂದಿ ಇದ್ದರು. ನಿಜವಾದ ಕಷ್ಟ ಶುರುವಾದದ್ದೇ ಆಮೇಲೆ.

ಸಾವಿರಾರು ಸೀಸೆಗಳೂ ಪೆಟ್ಟಿಗೆಗಳೂ ಎಡಿನ್‌ಬರೋ ನಗರದ ಒಂದು ಮನೆಗೆ ಬಂದು ಸೇರಿದವು. ಅವುಗಳಲ್ಲಿರುವುದನ್ನು ಪರೀಕ್ಷಿಸಲು ಆರು ಮಂದಿ ಎಲ್ಲಿ ಸಾಲುತ್ತಾರೆ? ಯಾವ ಜೀವಿಯನ್ನು ಯಾರು ಚೆನ್ನಾಗಿ ಬಲ್ಲರೋ ಅವರು ಯಾವ ದೇಶದವರಾದರೂ ಸರಿ, ಅವರಿಗೇ ಕಳುಹಿಸಬೇಕೆಂದು ಥಾಮ್ಸನ್ ನಿಶ್ಚಯಿಸಿದನು. ಕಡಲ ಮುಳ್ಳುಗಾಯಿಗಳು ಅಮೇರಿಕದ ಅಗಾಸಿಸನಿಗೆ, ರೇಡಿಯೊಲೇರಿಯ ಎಂಬ ಸೂಕ್ಷ್ಮಜೀವಿಗಳು ಜರ್ಮನಿಯ ಹೆಕೆಲನಿಗೆ. ಬ್ಯಾತಿಬಿಯಸ್ಸಿನ ವಿಷಯದಲ್ಲಿ ಸೋತಿದ್ದ ಅದೇ ಹೆಕೆಲ್ ಇಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೊಸ ಜೀವಜಾತಿಗಳನ್ನು ಗುರುತಿಸಿ ಚಿತ್ರಿಸಿದನು. ನೀರಿನ ಮಾದರಿಗಳು ಗ್ಲಾಸ್ಗೋ ನಗರದ ಡಿಟ್ಮಾರನಿಗೆ ಹೋದವು. 77 ಮಾದರಿಗಳನ್ನು ವಿಶ್ಲೇಷಿಸಿ, ಎಲ್ಲ ಸಾಗರಗಳಲ್ಲಿಯೂ ಉಪ್ಪಿನ ಪ್ರಮಾಣ ಹೆಚ್ಚುಕಡಮೆಯಾದರೂ ಅದರೊಳಗಿನ ಲವಣಗಳ ಪರಸ್ಪರ ಅನುಪಾತವು ಒಂದೇ ಎಂದು ಆತನು ತೋರಿಸಿದನು. ಉಷ್ಣಮಾಪಕಗಳ ಮೇಲೆ ಒತ್ತಡವು ಮಾಡಿದ ತಪ್ಪನ್ನು ಲೆಕ್ಕಹಾಕಲು ಭೌತವಿಜ್ಞಾನಿ ಬೇಕಾಯಿತು; ಆ ಕೆಲಸ ಮರ್ರೇಯ ಹಳೆಯ ಗುರು ಟೇಟನ ಪಾಲಿಗೆ ಬಂದಿತು. ಹಡಗು ಬಂದರು ಸೇರಿದ್ದರೂ ಅದರ ಪ್ರಯೋಗಶಾಲೆ ಹೀಗೆ ದೇಶದೇಶಗಳಿಗೆ ಹರಡಿತು.

ಇದು ಎಲ್ಲರಿಗೂ ಹಿಡಿಸಲಿಲ್ಲ. ಬ್ರಿಟಿಷರ ಹಣದಿಂದ ತಂದುದನ್ನು ಪರದೇಶೀಯರಿಗೆ ಕೊಡುವುದೇ ಎಂದು ಕೆಲವರು ಸಿಡಿಮಿಡಿಗೊಂಡರು. ಎಲ್ಲವನ್ನೂ ತಮಗೊಪ್ಪಿಸಬೇಕೆಂದು ಲಂಡನ್ನಿನ ವಸ್ತುಸಂಗ್ರಹಾಲಯದವರು ಹಟ ಹಿಡಿದರು. ಸರಕಾರದ ಬೊಕ್ಕಸದವರು ಖರ್ಚಿನ ಲೆಕ್ಕ ಕೇಳಿ ಪೀಡಿಸಿದರು. ಮೊದಲೇ ನಿತ್ರಾಣನಾಗಿದ್ದ ಥಾಮ್ಸನ್ ಈ ತಿಕ್ಕಾಟದಲ್ಲಿ ಕುಗ್ಗಿಹೋಗಿ, 1882ರ ಮಾರ್ಚಿನಲ್ಲಿ ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಆಗ ಹೊರಬಂದಿದ್ದ ಸಂಪುಟಗಳು ಕೆಲವೇ.

ಅಲ್ಲಿಗೆ ಕೆಲಸ ನಿಂತುಹೋಗಬಹುದಾಗಿತ್ತು. ಪೆಟ್ಟಿಗೆಗಳು ಧೂಳು ತಿನ್ನುತ್ತ ಬಿದ್ದಿರಬಹುದಾಗಿತ್ತು. ಅಂಥ ಸಂಗ್ರಹಗಳು ಜಗತ್ತಿನಲ್ಲಿ ಎಷ್ಟೋ ಇವೆ. ಮರ್ರೇ ಹೊಣೆಯನ್ನು ಹೊತ್ತನು. ಥಾಮ್ಸನನಂತೆ ಮೃದುವಾದ ಸ್ವಭಾವ ಆತನದಲ್ಲ. ಒರಟು ಮಾತಿನವನು, ಹಿಡಿದುದನ್ನು ಬಿಡದವನು. ಬೊಕ್ಕಸದವರೊಡನೆ ಕಾದಾಡಲು ಆ ಒರಟುತನವೇ ಬೇಕಾಗಿತ್ತು. ಸರಕಾರವು ಹಣ ನಿಲ್ಲಿಸಿದಾಗ ಸ್ವಂತ ಹಣವನ್ನೂ ಸುರಿದನು. ತಡಮಾಡುವ ಪಂಡಿತರ ಬೆನ್ನು ಬಿದ್ದು ಬರೆಯಿಸಿದನು. ಕೊನೆಗೆ 1895ರಲ್ಲಿ ವರದಿ ಮುಗಿದಾಗ ಅದು 50 ಸಂಪುಟಗಳು, ಸುಮಾರು 29,500 ಪುಟಗಳಾಗಿದ್ದವು. ಹಡಗು ಹಿಂದಿರುಗಿ ಹತ್ತೊಂಬತ್ತು ವರ್ಷಗಳು ಕಳೆದಿದ್ದವು. ಸುಮಾರು 4,700 ಹೊಸ ಜೀವಜಾತಿಗಳು ಅದರಲ್ಲಿ ದಾಖಲಾದವು. ಬೆಲ್ಜಿಯಮ್ಮಿನ ಭೂಗರ್ಭಶಾಸ್ತ್ರಜ್ಞ ರೆನಾರ್ಡನೊಡಗೂಡಿ ಮರ್ರೇ ಬರೆದ ಸಾಗರತಳದ ಕೆಸರಿನ ಸಂಪುಟವು 1891ರಲ್ಲಿ ಬಂದಿತು. ಆತನಿಗೆ ಹೆಸರು ತಂದುದು ಮುಖ್ಯವಾಗಿ ಅದೇ.

ಮರ್ರೇ ಹೇಳಿದುದೆಲ್ಲ ನಿಜವಾಯಿತೆಂದು ತಿಳಿಯಬಾರದು. ಹವಳದ ದ್ವೀಪಗಳು ಹೇಗಾದವೆಂಬ ವಿಷಯದಲ್ಲಿ ಆತನು 1880ರಲ್ಲಿ ಡಾರ್ವಿನ್ನನನ್ನೇ ಎದುರಿಸಿದನು. ತಳವು ಮೆಲ್ಲಮೆಲ್ಲನೆ ಕುಸಿದಂತೆ ಹವಳವು ಮೇಲೆ ಬೆಳೆಯುವುದೆಂದು ಡಾರ್ವಿನ್ನನ ಮತ. ಕುಸಿಯುವ ಅಗತ್ಯವಿಲ್ಲ, ಕೆಸರು ಗುಡ್ಡೆಯಾಗಿ ಏರಿದಲ್ಲಿ ಹವಳ ಹತ್ತುವುದೆಂದು ಮರ್ರೇಯ ಮತ. ಎಲ್ಲದರಲ್ಲಿಯೂ ಆತನಿಗೆ ಕೆಸರೇ ಕಾಣುತ್ತಿತ್ತೇನೋ! 1952ರಲ್ಲಿ ಶಾಂತಸಾಗರದ ಎನಿವೆಟಾಕ್ ದ್ವೀಪದಲ್ಲಿ ಕೊರೆದು ನೋಡಿದಾಗ ಸುಮಾರು 1,400 ಮೀಟರ್ ಹವಳದ ಸುಣ್ಣಕಲ್ಲು ಮುಗಿದ ಮೇಲೆಯೇ ಜ್ವಾಲಾಮುಖಿಯ ಶಿಲೆ ಸಿಕ್ಕಿತು. ಗೆದ್ದವನು ಡಾರ್ವಿನ್.

ಮರ್ರೇಗೆ ಹಣವು ಎಲ್ಲಿಂದ ಬಂದಿತೆಂಬುದೂ ಹಡಗಿನ ಗೆಳೆತನದ ಕತೆಯೇ. ‘ಚಾಲೆಂಜರ್’ನಲ್ಲಿ ಜೊತೆಗಿದ್ದ ಮೆಕ್ಲಿಯರನು ಮುಂದೆ ಬೇರೊಂದು ಹಡಗಿನ ಕ್ಯಾಪ್ಟನ್ನನಾಗಿ 1887ರಲ್ಲಿ ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪಕ್ಕೆ ಹೋದನು. ಅನಂತರ ಇನ್ನೊಬ್ಬ ಹಳೆಯ ಸಂಗಾತಿ ಆಲ್ಡ್ರಿಚ್‌ನೂ ಅಲ್ಲಿಗೆ ಹೋದನು. ಜನವಸತಿಯಿಲ್ಲದ ಆ ದ್ವೀಪದ ಕಲ್ಲುಗಳು ಮರ್ರೇಯ ಕೈಸೇರಿದವು. ಪರೀಕ್ಷಿಸಿದಾಗ ಅವು ಹೆಚ್ಚುಕಡಮೆ ಶುದ್ಧವಾದ ಫಾಸ್ಫೇಟ್, ಅಂದರೆ ಬೆಲೆಬಾಳುವ ಗೊಬ್ಬರದ ಕಲ್ಲು. 1888ರಲ್ಲಿ ಬ್ರಿಟನ್ ಆ ದ್ವೀಪವನ್ನು ವಶಪಡಿಸಿಕೊಂಡಿತು. ಮರ್ರೇ ಪಾಲುದಾರನಾಗಿ ಕಂಪನಿ ನಡೆಯಿತು. ‘ಚಾಲೆಂಜರ್’ ಯಾತ್ರೆಗೆ ವೆಚ್ಚವಾದುದಕ್ಕಿಂತ ಹೆಚ್ಚು ಹಣ ಆ ದ್ವೀಪದ ತೆರಿಗೆ ಮತ್ತು ಗೇಣಿಯಿಂದಲೇ ಬೊಕ್ಕಸಕ್ಕೆ ಬಂದಿತೆಂದು ಮರ್ರೇ ಹೆಮ್ಮೆಯಿಂದ ಲೆಕ್ಕ ತೋರಿಸುತ್ತಿದ್ದನು. ಆ ಲೆಕ್ಕದಲ್ಲಿ ಸೇರದ ಒಂದು ಬಾಬ್ತು ಇದೆ. ಕಲ್ಲು ಅಗೆಯಲು ಕರೆತಂದ ಚೀನೀ ಕೂಲಿಗಳಲ್ಲಿ ನೂರಾರು ಮಂದಿ ಮೊದಲ ಕೆಲವು ವರ್ಷಗಳಲ್ಲಿಯೇ ಬೆರಿಬೆರಿ ರೋಗದಿಂದ ಸತ್ತರು.

ಸ್ಕಾಟ್ಲೆಂಡಿನ 562 ಸರೋವರಗಳ ಆಳವನ್ನು ಅಳೆಯಿಸಿದುದು, ಕಡಲತೀರದ ಪ್ರಯೋಗಶಾಲೆಯನ್ನು ಸ್ಥಾಪಿಸಿದುದು, 1898ರಲ್ಲಿ ಸರ್ ಪದವಿಯನ್ನು ಪಡೆದುದು, ಇವನ್ನು ಹೆಸರಿಸಿದರೆ ಸಾಕು. ಆತನು 1889ರಲ್ಲಿ ಮದುವೆಯಾದನು. ಮಗನೊಬ್ಬನಿಗೆ ಜಾನ್ ಚಾಲೆಂಜರ್ ಮರ್ರೇ ಎಂದು ಹಡಗಿನ ಹೆಸರನ್ನೇ ಇಟ್ಟನು.

ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ ಮರ್ರೇ ಮತ್ತೊಮ್ಮೆ ಕಡಲಿಗಿಳಿದನು. ಹಡಗನ್ನು ನೀವು ಕೊಡಿ, ಖರ್ಚು ನನ್ನದು ಎಂಬ ಒಪ್ಪಂದವನ್ನು ನಾರ್ವೆಯ ಸರಕಾರದೊಡನೆ ಮಾಡಿಕೊಂಡು, 1910ರಲ್ಲಿ ‘ಮೈಕೇಲ್ ಸಾರ್ಸ್’ ಎಂಬ 226 ಟನ್ನಿನ ಪುಟ್ಟ ಹಡಗಿನಲ್ಲಿ ಉತ್ತರ ಅಟ್ಲಾಂಟಿಕ್ಕಿಗೆ ಹೋದನು. ‘ಚಾಲೆಂಜರ್’ನ ಹತ್ತನೆಯ ಒಂದು ಪಾಲಿನಷ್ಟೂ ಇಲ್ಲದ ಹಡಗದು. ಅದರಲ್ಲಿ ಮೀನುಗಳ ತಜ್ಞ ಯೋರ್ಟ್, ಸಸ್ಯಶಾಸ್ತ್ರಜ್ಞ ಗ್ರಾನ್, ನೀರಿನ ಚಲನೆಯನ್ನು ಅಳೆಯುವ ಹೆಲ್ಲಾಂಡ್-ಹಾನ್ಸೆನ್ ಮೊದಲಾದವರು ಇಕ್ಕಟ್ಟಿನಲ್ಲಿಯೇ ಕೆಲಸ ಮಾಡಿದರು. ಹೆಲ್ಲಾಂಡ್-ಹಾನ್ಸೆನ್ನನು ಛಾಯಾಚಿತ್ರದ ಫಲಕಗಳನ್ನು ನೀರಿನಲ್ಲಿ ಇಳಿಸಿ ಬೆಳಕು ಎಷ್ಟು ಆಳಕ್ಕೆ ಇಳಿಯುವುದೆಂದು ನೋಡಿದನು. ಅದೇ ನೀರಿನಲ್ಲಿ ಯಾವ ಸೂಕ್ಷ್ಮ ಸಸ್ಯಗಳಿವೆಯೆಂದು ಗ್ರಾನ್ ಎಣಿಸಿದನು. ಅಲ್ಲಿ ಯಾವ ಬಣ್ಣದ ಮೀನುಗಳಿವೆಯೆಂದು ಯೋರ್ಟ್ ಬರೆದುಕೊಂಡನು. ಮೂರು ಪುಸ್ತಕಗಳಲ್ಲಿ ಬೇರೆಬೇರೆಯಾಗಿ ಬರಬಹುದಾಗಿದ್ದ ವಿಷಯಗಳು ಒಂದರೊಡನೊಂದು ಬೆಸೆದು 1912ರಲ್ಲಿ ಮರ್ರೇ ಮತ್ತು ಯೋರ್ಟರ ಒಂದೇ ಗ್ರಂಥವಾಗಿ ಬಂದವು.

1914ರ ಮಾರ್ಚ್ 16ರಂದು ಎಡಿನ್‌ಬರೋ ನಗರದ ಹೊರವಲಯದಲ್ಲಿ ಮೋಟಾರು ಮಗುಚಿ ಮರ್ರೇ ಸತ್ತನು. ಹಿಮಗಡ್ಡೆಗಳ ನಡುವೆಯೂ ಬಿರುಗಾಳಿಗಳಲ್ಲಿಯೂ ಏನೂ ಆಗದವನು ಊರಿನ ರಸ್ತೆಯಲ್ಲಿ ಅಳಿದನು.

ಕ್ರಿಸ್‌ಮಸ್ ದ್ವೀಪದ ಹಣದ ಒಂದು ಭಾಗವನ್ನು ಸಾಗರಶೋಧನೆಗೇ ಬಳಸಬೇಕೆಂದು ಆತನು ಉಯಿಲು ಬರೆದಿಟ್ಟಿದ್ದನು. ಮಗ ಜಾನ್ ಚಾಲೆಂಜರ್ ಮರ್ರೇ ಅದನ್ನು ಕಾಪಾಡಿ ಬೆಳೆಸಿದನು. ‘ಚಾಲೆಂಜರ್’ ಎಲ್ಲ ಮಹಾಸಾಗರಗಳನ್ನು ಸುತ್ತಿದರೂ ಹಿಂದೂ ಮಹಾಸಾಗರದ ಉತ್ತರಭಾಗವನ್ನು, ಅಂದರೆ ನಮ್ಮ ಅರಬ್ಬೀ ಸಮುದ್ರವನ್ನು, ನೋಡಿರಲಿಲ್ಲ. 1933ರ ಸೆಪ್ಟೆಂಬರಿನಲ್ಲಿ ಆ ಹಣದಿಂದ ‘ಮಬಾಹಿಸ್’ ಎಂಬ ಈಜಿಪ್ಟಿನ ಹಡಗು ಅಲೆಕ್ಸಾಂಡ್ರಿಯದಿಂದ ಹೊರಟಿತು. ಅದರ ನಾಯಕನು ಭಾರತದ ಪ್ರಾಣಿಸರ್ವೇಕ್ಷಣೆಯ ನಿರ್ದೇಶಕನಾಗಿದ್ದ ಸೆವೆಲ್. ಇಂಗ್ಲಿಷರೊಡನೆ ಈಜಿಪ್ಟಿನ ಇಬ್ಬರು ವಿಜ್ಞಾನಿಗಳೂ ಅದರಲ್ಲಿದ್ದರು: ರಸಾಯನಶಾಸ್ತ್ರಜ್ಞ ಅಬ್ದೆಲ್ ಫತ್ತಾ ಮೊಹಮದ್, ವೈದ್ಯನೂ ಜೀವಶಾಸ್ತ್ರಜ್ಞನೂ ಆದ ಹುಸೇನ್ ಫೌಜಿ. ಆ ಹಡಗು ನಮ್ಮ ಮುಂಬಯಿ ಬಂದರಿಗೂ ಬಂದಿತ್ತು. ಅರಬ್ಬೀ ಸಮುದ್ರದ ಕೆಲವು ಆಳಗಳಲ್ಲಿ ಬಲೆಯನ್ನು ಎಳೆದಾಗ ಅದು ಜೀವಿಗಳಿಲ್ಲದೆ ಬರಿದಾಗಿ ಬಂದಿತು. ಬಲೆ ಹರಿದಿರಲಿಲ್ಲ. ಅದೇ ಆಳದ ನೀರನ್ನು ರಸಾಯನಶಾಸ್ತ್ರಜ್ಞರು ಪರೀಕ್ಷಿಸಿದಾಗ ಅದರಲ್ಲಿ ಪ್ರಾಣವಾಯು ಇಲ್ಲವೆನ್ನುವಷ್ಟು ಕಡಮೆಯಿತ್ತು. 1934ರ ಮೇ ತಿಂಗಳಲ್ಲಿ ಹಡಗು ಹಿಂದಿರುಗಿತು. ಆ ಯಾತ್ರೆಯಲ್ಲಿ ಕರಾಚಿಯ ನೈಋತ್ಯಕ್ಕೆ, ಕಡಲಿನಡಿಯಲ್ಲಿ, ಕಂಡುಬಂದ ಉದ್ದನೆಯ ಬೆಟ್ಟದ ಸಾಲಿಗೆ ಭೂಪಟಗಳಲ್ಲಿ ಮರ್ರೇಯ ಹೆಸರಿದೆ.